ಡೆಬಿಯನ್‌ನಲ್ಲಿ ಪ್ಯಾಕೇಜ್ ಅಪ್‌ಡೇಟ್ ಯಾಕೆ ತಡ? ಪದೇ ಪದೇ ಕೇಳುವ ಪ್ರಶ್ನೆಗಳು

ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡ ಹೊಸಬರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದೇ. "ಎಲ್ಲರ ಹತ್ತಿರ ಹೊಸ ಆವೃತ್ತಿ ಬಂದಾಯಿತು, ನನ್ನ ಕಂಪ್ಯೂಟರ್‌ನಲ್ಲಿ ಮಾತ್ರ ಯಾಕೆ ಇನ್ನೂ ಹಳೆಯದೇ ಇದೆ?" ನಾನು ಹದಿನೈದು ವರ್ಷದಿಂದ ಡೆಬಿಯನ್ ಬಳಸುತ್ತಿದ್ದೇನೆ. ಗೆಳೆಯರಿಗೆ, ನೆಂಟರಿಗೆ, ಒಂದೆರಡು ಶಾಲೆಗಳಿಗೂ ಹಾಕಿಕೊಟ್ಟಿದ್ದೇನೆ. ಫೋನಿನಲ್ಲಿ ಹೇಳಿದ ಉತ್ತರಗಳನ್ನೇ ಒಂದು ಕಡೆ ಬರೆದಿಡೋಣ ಅನ್ನಿಸಿತು. ಉಬುಂಟು, ಮಿಂಟ್ ಬಳಸುವವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರುತ್ತದೆ. ಅವುಗಳ ಬೇರು ಇರುವುದು ಡೆಬಿಯನ್‌ನಲ್ಲೇ.

ಹೊಸ ಆವೃತ್ತಿ ಬಿಡುಗಡೆಯಾದ ದಿನವೇ ನನಗೆ ಯಾಕೆ ಸಿಗುವುದಿಲ್ಲ?

ತಂತ್ರಾಂಶ ಬರೆಯುವವರು ಒಬ್ಬರು, ಅದನ್ನು ಡೆಬಿಯನ್‌ಗೆ ಹೊಂದಿಸಿ, ಇನ್‌ಸ್ಟಾಲ್ ಮಾಡಲು ತಯಾರಾದ ಕಟ್ಟು ಅಂದರೆ ಪ್ಯಾಕೇಜ್ ಮಾಡುವವರು ಇನ್ನೊಬ್ಬರು. ಬರೆಯುವವರನ್ನು ಅಪ್‌ಸ್ಟ್ರೀಮ್ ಅನ್ನುತ್ತಾರೆ, ಪ್ಯಾಕೇಜ್ ನೋಡಿಕೊಳ್ಳುವವರನ್ನು ಮೇಂಟೇನರ್ ಅನ್ನುತ್ತಾರೆ. ಡೆಬಿಯನ್ 13ರಲ್ಲಿ 69,830 ಪ್ಯಾಕೇಜ್‌ಗಳಿವೆ. ಇಷ್ಟನ್ನೂ ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಹಗಲು ಬೇರೆ ಕೆಲಸ, ರಾತ್ರಿ ಮತ್ತು ಭಾನುವಾರ ಪ್ಯಾಕೇಜ್ ಕೆಲಸ.

ಮೇಂಟೇನರ್ ಹೊಸ ಆವೃತ್ತಿಯನ್ನು ಮೊದಲು ಅನ್‌ಸ್ಟೇಬಲ್ ಅನ್ನುವ ವಿಭಾಗಕ್ಕೆ ಹಾಕುತ್ತಾರೆ. ಇದಕ್ಕೆ ಸಿಡ್ ಅಂತ ಇನ್ನೊಂದು ಹೆಸರು. ಅಲ್ಲಿ ಅದು ಕೆಲವು ದಿನ ಕೂತಿರಬೇಕು. ಎಷ್ಟು ದಿನ ಅನ್ನುವುದು ಮೇಂಟೇನರ್ ಬರೆದ ತುರ್ತಿನ ಮೇಲೆ ಹೋಗುತ್ತದೆ. ಸಾಧಾರಣವಾಗಿ 5 ದಿನ, ಅವಸರವಿದ್ದರೆ 2, ಅವಸರವೇ ಇಲ್ಲದಿದ್ದರೆ 10. ಅಷ್ಟರೊಳಗೆ ಯಾರೂ ಗಂಭೀರ ಬಗ್ ವರದಿ ಮಾಡದಿದ್ದರೆ, ಎಲ್ಲ ಬಗೆಯ ಪ್ರೊಸೆಸರ್‌ಗಳಿಗೂ ಅದು ಸರಿಯಾಗಿ ಬಿಲ್ಡ್ ಆಗಿದ್ದರೆ (ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಮ್ ತಯಾರಾಗಿದ್ದರೆ), ಬೇರೆ ಪ್ಯಾಕೇಜ್‌ಗಳನ್ನು ಕೆಡಿಸದಿದ್ದರೆ, ಆಗ ಮುಂದಿನ ಬಿಡುಗಡೆ ತಯಾರಾಗುವ ಟೆಸ್ಟಿಂಗ್ ವಿಭಾಗಕ್ಕೆ ಹೋಗುತ್ತದೆ. ಇದನ್ನು ನಿರ್ಧರಿಸುವುದು ಬ್ರಿಟ್ನಿ ಅನ್ನುವ ಒಂದು ಪ್ರೋಗ್ರಾಮ್. ಅದರ ಹತ್ತಿರ ಯಾರ ಶಿಫಾರಸೂ ಸುಲಭಕ್ಕೆ ನಡೆಯುವುದಿಲ್ಲ, ಕಾರಣ ಇದ್ದರೆ ಮಾತ್ರ ರಿಲೀಸ್ ತಂಡ ಕೈಹಾಕುತ್ತದೆ.

ನೀವು ಬಳಸುತ್ತಿರುವುದು ಬಹುಶಃ ಸ್ಟೇಬಲ್, ಅಂದರೆ ಅಧಿಕೃತವಾಗಿ ಬಿಡುಗಡೆಯಾದ ಡೆಬಿಯನ್. ಅದು ಈ ದಾರಿಯ ಕೊನೆಯಲ್ಲಿದೆ.

ಹಾಗಾದರೆ ಸ್ಟೇಬಲ್‌ಗೆ ಯಾವಾಗ ಬರುತ್ತದೆ?

ಮುಂದಿನ ಡೆಬಿಯನ್ ಬಿಡುಗಡೆಯ ದಿನ ಬರುತ್ತದೆ. ಅದಕ್ಕೆ ಮೊದಲು ಸಾಮಾನ್ಯವಾಗಿ ಬರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಬೇಜಾರು ಕಡಿಮೆಯಾಗುತ್ತದೆ.

ಡೆಬಿಯನ್ 11 ಬಂದಿದ್ದು 2021ರ ಆಗಸ್ಟ್ 14ರಂದು, 12 ಬಂದಿದ್ದು 2023ರ ಜೂನ್ 10ರಂದು, 13 ಬಂದಿದ್ದು 2025ರ ಆಗಸ್ಟ್ 9ರಂದು. ಅಂದರೆ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ. ಬಿಡುಗಡೆಗೆ ತಿಂಗಳುಗಳ ಮುಂಚೆಯೇ ಟೆಸ್ಟಿಂಗ್ ಅನ್ನು ಹಂತ ಹಂತವಾಗಿ ಫ್ರೀಜ್ ಮಾಡುತ್ತಾರೆ, ಅಂದರೆ ಹೊಸ ಬದಲಾವಣೆಗಳನ್ನು ತಡೆಯುತ್ತಾ ಹೋಗುತ್ತಾರೆ. 13ರ ವಿಷಯದಲ್ಲಿ ಮೊದಲ ಹಂತ 2025ರ ಮಾರ್ಚ್ 15ಕ್ಕೆ, ಎರಡನೆಯದು ಏಪ್ರಿಲ್ 15ಕ್ಕೆ, ಬಿಗಿಯಾದ ಹಂತ ಮೇ 15ಕ್ಕೆ ಶುರುವಾಯಿತು. ಜುಲೈ 27ರ ನಂತರ ರಿಲೀಸ್ ತಂಡದ ಒಪ್ಪಿಗೆ ಇಲ್ಲದೆ ಏನೂ ಒಳಗೆ ಹೋಗುವಂತಿರಲಿಲ್ಲ. ಆ ತಿಂಗಳುಗಳಲ್ಲಿ ಜಗತ್ತಿನಲ್ಲಿ ಬಂದ ದೊಡ್ಡ ಹೊಸ ಆವೃತ್ತಿಗಳಲ್ಲಿ ಹೆಚ್ಚಿನವು ಡೆಬಿಯನ್ 13ಕ್ಕೆ ಸೇರಲಿಲ್ಲ.

ಒಂದು ಉದಾಹರಣೆ. ಕೆಡಿಇ ಪ್ಲಾಸ್ಮಾ ಅನ್ನುವ ಡೆಸ್ಕ್‌ಟಾಪ್‌ನ 6ನೇ ಆವೃತ್ತಿ ಬಿಡುಗಡೆಯಾಗಿದ್ದು 2024ರ ಫೆಬ್ರವರಿ 28ರಂದು. ಡೆಬಿಯನ್ ಸ್ಟೇಬಲ್ ಬಳಸುವವರು ಅದನ್ನು ನೋಡಿದ್ದು 2025ರ ಆಗಸ್ಟ್‌ನಲ್ಲಿ. ಹದಿನೇಳು ತಿಂಗಳು ಕಾದ ಹಾಗಾಯಿತು. ಆದರೆ ಬಂದಿದ್ದು 6.0 ಅಲ್ಲ, 6.3. ಮೊದಲ ಆವೃತ್ತಿಯ ಎಷ್ಟೋ ತೊಂದರೆಗಳು ಅಷ್ಟರಲ್ಲಿ ಸರಿಯಾಗಿದ್ದವು.

ಯಾವಾಗಲೂ ಹೀಗೇ ಇತ್ತಾ?

ಇಲ್ಲ, ಮೊದಲು ಇನ್ನೂ ಕಷ್ಟ ಇತ್ತು. ಡೆಬಿಯನ್ 3.0 ಬಂದಿದ್ದು 2002ರ ಜುಲೈನಲ್ಲಿ, 3.1 ಬಂದಿದ್ದು 2005ರ ಜೂನ್‌ನಲ್ಲಿ. ಮಧ್ಯೆ ಸುಮಾರು ಮೂರು ವರ್ಷ. ಆ ಕಾಯುವಿಕೆಯ ನಡುವೆಯೇ, 2004ರ ಅಕ್ಟೋಬರ್‌ನಲ್ಲಿ, ಉಬುಂಟುವಿನ ಮೊದಲ ಆವೃತ್ತಿ 4.10 ಬಂತು. ಆರು ತಿಂಗಳಿಗೊಮ್ಮೆ ಬಿಡುಗಡೆ ಅಂತ ಅದು ಹೇಳಿದಾಗ ಜನ ಆ ಕಡೆ ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ. ಈಗಿನ ಎರಡು ವರ್ಷದ ಲೆಕ್ಕ ಆ ಕಹಿ ಅನುಭವದ ನಂತರ ನಿಧಾನವಾಗಿ ಗಟ್ಟಿಯಾಗಿದ್ದು.

ಹಳೆಯ ಆವೃತ್ತಿ ಅಂದರೆ ಅಪಾಯ ಅಲ್ವಾ? ಸೆಕ್ಯುರಿಟಿ ಗತಿ ಏನು?

ಇಲ್ಲೇ ಜಾಸ್ತಿ ಜನ ತಪ್ಪು ತಿಳಿಯುವುದು. ಆವೃತ್ತಿಯ ನಂಬರ್ ಹಳೆಯದಿರಬಹುದು, ಒಳಗಿನ ಸೆಕ್ಯುರಿಟಿ ತಿದ್ದುಪಡಿ ಹಳೆಯದಲ್ಲ. ಸೆಕ್ಯುರಿಟಿ ತಂಡ ತೂತು ಮುಚ್ಚುವ ತೇಪೆಯನ್ನಷ್ಟೇ ತೆಗೆದುಕೊಂಡು, ಅದನ್ನು ಹಳೆಯ ಆವೃತ್ತಿಗೆ ಹೊಂದುವ ಹಾಗೆ ಹೊಲಿದು ಕೊಡುತ್ತದೆ. ಹೊಸ ಸೌಲಭ್ಯ ಬರುವುದಿಲ್ಲ, ಹೊಸ ತೊಂದರೆಯೂ ಸಾಮಾನ್ಯವಾಗಿ ಬರುವುದಿಲ್ಲ.

2024ರ ಜುಲೈ 1ರ ಸಂಗತಿ ನೋಡಿ. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ದೋಷ ಇದೆ ಅಂತ ಅವತ್ತು ಸುದ್ದಿ ಬಂತು. ಲಾಗಿನ್ ಆಗದೆಯೇ ಹೊರಗಿನವರು ಸರ್ವರ್ ವಶ ಮಾಡಿಕೊಳ್ಳುವ ಸಾಧ್ಯತೆ ಇದ್ದ ದೋಷ. ಸರಿಪಡಿಸಿದ ಆವೃತ್ತಿ 9.8 ಅಂತ ಎಲ್ಲ ಕಡೆ ಬರೆದಿದ್ದರು. ಡೆಬಿಯನ್ 12ರಲ್ಲಿ ಇದ್ದದ್ದು 9.2. ನನಗೆ ಅವತ್ತು ಸಂಜೆ ಮೂರು ಫೋನ್ ಬಂತು. "ನಮ್ಮದು ಇನ್ನೂ 9.2 ಅಂತಲೇ ತೋರಿಸುತ್ತಿದೆ, ಏನು ಮಾಡೋದು?" ಅಂತ.

ಅವರಿಗೆ ನಾನು ಹೇಳಿದ್ದು ಇಷ್ಟೇ: ನಂಬರಿನ ಬಾಲ ನೋಡಿ. ಬರೀ 9.2 ಅಲ್ಲ, ಪೂರ್ತಿ ಹೆಸರು 9.2ಪಿ1-2+ಡೆಬ್12ಯು3. ಕೊನೆಯ "ಯು3" ಅಂದರೆ ಡೆಬಿಯನ್ 12ಕ್ಕಾಗಿ ಮಾಡಿದ ಮೂರನೇ ತಿದ್ದುಪಡಿ. ಆ ಮೂರನೆಯದರಲ್ಲೇ ಈ ದೋಷದ ಪರಿಹಾರ ಇತ್ತು, ದೋಷ ಬಹಿರಂಗವಾದ ದಿನವೇ ಅದು ಬಂದಿತ್ತು. "ಆಪ್ಟ್ ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಚ್-ಸರ್ವರ್" ಅಂತ ಟರ್ಮಿನಲ್‌ನಲ್ಲಿ ಕೊಟ್ಟರೆ (ಆಪ್ಟ್ ಅಂದರೆ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಪ್ರೋಗ್ರಾಮ್) ಯಾವ ದೋಷಕ್ಕೆ ಯಾವಾಗ ತೇಪೆ ಬಿತ್ತು ಅಂತ ಸಿವಿಇ ನಂಬರ್ (ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಸಮೇತ ಕಾಣುತ್ತದೆ. ಒಮ್ಮೆ ಮಾಡಿ ನೋಡಿ, ಮನಸ್ಸಿಗೆ ಸಮಾಧಾನ ಆಗುತ್ತದೆ.

ಇನ್ನೊಂದು ವಿಷಯ. ಆ ದೋಷ ನುಸುಳಿದ್ದೇ 8.5ನೇ ಆವೃತ್ತಿಯಲ್ಲಿ. ಡೆಬಿಯನ್ 11ರಲ್ಲಿ ಇದ್ದದ್ದು 8.4. ಅವರಿಗೆ ಏನೂ ಆಗಲೇ ಇಲ್ಲ.

ಬ್ರೌಸರ್‌ಗೂ ಹೀಗೇ ತೇಪೆ ಹಾಕುತ್ತಾರಾ?

ಇಲ್ಲ. ಬ್ರೌಸರ್‌ನಂಥ ದೊಡ್ಡ ತಂತ್ರಾಂಶಕ್ಕೆ ಹಿಂದಿನ ಆವೃತ್ತಿಗೆ ತೇಪೆ ಹಾಕುತ್ತಾ ಕೂರುವುದು ಆಗದ ಕೆಲಸ. ಅದಕ್ಕೇ ಸ್ಟೇಬಲ್‌ನಲ್ಲೂ ಕ್ರೋಮಿಯಂ ಹೊಸ ಆವೃತ್ತಿಗಳೇ ಬರುತ್ತವೆ. ಫೈರ್‌ಫಾಕ್ಸ್ ಮಾತ್ರ ಇಎಸ್‌ಆರ್ ಅನ್ನುವ ನಿಧಾನದ ಸಾಲಿನದು. ಅದರಲ್ಲಿ ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ, ಸೆಕ್ಯುರಿಟಿ ತಿದ್ದುಪಡಿ ಆಗಾಗ. ಟೈಮ್‌ಝೋನ್ ಮಾಹಿತಿ, ವೈರಸ್ ಹುಡುಕುವ ಕ್ಲಾಮ್‌ಎವಿ ಮುಂತಾದವಕ್ಕೂ ವಿನಾಯಿತಿ ಇದೆ.

ಕಾಯುವುದರಿಂದ ನಿಜವಾಗಿ ಏನಾದರೂ ಲಾಭ ಆಗಿದೆಯಾ? ಸುಮ್ನೆ ಸಮಾಧಾನಕ್ಕೆ ಹೇಳ್ತೀರಾ?

ಆಗಿದೆ. 2024ರ ಮಾರ್ಚ್ 29ನ್ನು ನೆನಪಿಸಿಕೊಳ್ಳಿ.

ಎಕ್ಸ್‌ಝಡ್ ಅಂತ ಫೈಲ್ ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶ ಇದೆ. ನೀವು ಅದರ ಹೆಸರು ಕೇಳಿರದೇ ಇರಬಹುದು, ಆದರೆ ನಿಮ್ಮ ಲಿನಕ್ಸ್ ಯಂತ್ರದಲ್ಲಿ ಅದು ಇದ್ದೇ ಇದೆ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಡೆಬಿಯನ್ ಸಿಡ್ ಇರುವ ಯಂತ್ರದಲ್ಲಿ ಡೇಟಾಬೇಸ್ ವೇಗ ಅಳೆಯುವ ಕೆಲಸ ಮಾಡುತ್ತಿದ್ದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ಅರ್ಧ ಸೆಕೆಂಡ್ ಅಂದರೆ ನಾವು ನೀವು ಗಮನಿಸುವುದೇ ಇಲ್ಲ. ಅವರು ಬಿಡಲಿಲ್ಲ. ಎಳೆ ಹಿಡಿದು ಹೋದಾಗ ಎಕ್ಸ್‌ಝಡ್ 5.6.0 ಮತ್ತು 5.6.1ರ ಒಳಗೆ ಯಾರೋ ಬೇಕಂತಲೇ ಕಳ್ಳಬಾಗಿಲು ಇಟ್ಟಿರುವುದು ಸಿಕ್ಕಿತು.

5.6.0 ಬಿಡುಗಡೆಯಾಗಿದ್ದು ಅದೇ ವರ್ಷದ ಫೆಬ್ರವರಿ 24ಕ್ಕೆ. ಒಂದು ತಿಂಗಳ ಚಿಲ್ಲರೆ ಅಷ್ಟೇ. ಅಷ್ಟರಲ್ಲಿ ಸಿಡ್‌ಗೆ, ಟೆಸ್ಟಿಂಗ್‌ಗೆ ಅದು ಹೋಗಿಯಾಗಿತ್ತು. ಸ್ಟೇಬಲ್‌ನಲ್ಲಿ ಮಾತ್ರ 5.4.1 ಇತ್ತು, ಅದಕ್ಕೆ ಏನೂ ಆಗಲಿಲ್ಲ. ಆಗ ನಡೆಯಬೇಕಿದ್ದ ಡೆಬಿಯನ್ 12.6 ತಿದ್ದುಪಡಿ ಬಿಡುಗಡೆಯನ್ನೂ ಮುಂದೂಡಿದರು. ಏನೇನು ಸೋಂಕಾಗಿದೆ ಅಂತ ಪೂರ್ತಿ ನೋಡಿಕೊಂಡೇ ಮುಂದೆ ಹೋಗೋಣ ಅಂತ. ಅದು ಬಂದಿದ್ದು ಜೂನ್ ಕೊನೆಯಲ್ಲಿ. ಈ ತಡಕ್ಕೆ ನಾನು ಕೈಮುಗಿಯುತ್ತೇನೆ.

ಈ ಕಥೆಗೆ ಇನ್ನೊಂದು ಮುಖ ಇದೆ, ನನ್ನನ್ನು ಹೆಚ್ಚು ಕಾಡಿದ್ದು ಅದು. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದದ್ದು ಒಬ್ಬರೇ ಒಬ್ಬರು. 2022ರಲ್ಲಿ ಯಾರೆಂದೇ ಗೊತ್ತಿಲ್ಲದ ಕೆಲವು ಹೆಸರುಗಳಿಂದ ಅವರಿಗೆ ಒಂದೇ ಸಮನೆ ಒತ್ತಡ ಬಂತು. ಯಾಕೆ ಇಷ್ಟು ತಡ, ನಿಮಗೆ ಆಸಕ್ತಿ ಇಲ್ಲದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಅಂತ. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದೆ ಮಾಡುವ ಕೆಲಸ ಅಂತ ಅವರು ಹೇಳಿಕೊಂಡರು. ಕೊನೆಗೆ "ಸಹಾಯ ಮಾಡುತ್ತೇನೆ" ಅಂತ ಬಂದವನಿಗೆ ಅಧಿಕಾರ ಹಂಚಿದರು. ಕಳ್ಳಬಾಗಿಲು ಇಟ್ಟವನು ಅವನೇ. "ಯಾಕೆ ತಡ?" ಅನ್ನುವ ನಮ್ಮ ಪ್ರಶ್ನೆಯನ್ನೇ ಆಯುಧ ಮಾಡಿಕೊಂಡಿದ್ದರು. ಅಂದಿನಿಂದ ಯಾವ ಮೇಂಟೇನರ್‌ಗೂ ಪತ್ರ ಬರೆಯುವಾಗ ನಾನು ಒಮ್ಮೆ ನಿಂತು ಓದಿಕೊಂಡು ಕಳಿಸುತ್ತೇನೆ.

ನಾನು ಟೆಸ್ಟಿಂಗ್ ಬಳಸುತ್ತಿದ್ದೇನೆ. ಅಲ್ಲೂ ಒಂದು ಪ್ಯಾಕೇಜ್ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದೆ. ಯಾಕೆ?

ಪ್ರತಿ ಪ್ಯಾಕೇಜಿನ ಸ್ಥಿತಿ ತೋರಿಸುವ ಡೆಬಿಯನ್‌ನ ಟ್ರ್ಯಾಕರ್ ಪುಟದಲ್ಲಿ ಆ ಪ್ಯಾಕೇಜಿನ ಹೆಸರು ಹುಡುಕಿ. ಯಾಕೆ ಮುಂದೆ ಹೋಗುತ್ತಿಲ್ಲ ಅಂತ ಅಲ್ಲೇ ಬರೆದಿರುತ್ತದೆ. ಊಹೆ ಮಾಡುವುದೇ ಬೇಡ. ಸಾಮಾನ್ಯವಾಗಿ ಸಿಗುವ ಕಾರಣಗಳು ಇವು.

ಯಾವುದೋ ಒಂದು ಪ್ರೊಸೆಸರ್ ಬಗೆಯಲ್ಲಿ ಬಿಲ್ಡ್ ಆಗಿರುವುದಿಲ್ಲ. ಡೆಬಿಯನ್ 13 ಅಧಿಕೃತವಾಗಿ ಏಳು ಬಗೆಗಳಿಗೆ ಬರುತ್ತದೆ. ಮನೆಯ ಲ್ಯಾಪ್‌ಟಾಪ್‌ನಿಂದ ಹಿಡಿದು ಐಬಿಎಂ ಮೇನ್‌ಫ್ರೇಮ್‌ವರೆಗೆ, ಈಗ ಹೊಸದಾಗಿ ರಿಸ್ಕ್-ವಿ ಕೂಡ. ಹೊಸ ಆವೃತ್ತಿ ನಿಮ್ಮ ಯಂತ್ರದಲ್ಲಿ ಚೆನ್ನಾಗಿ ಓಡಬಹುದು. ಮೇನ್‌ಫ್ರೇಮ್‌ನಲ್ಲಿ ಓಡದಿದ್ದರೆ ನೀವೂ ಕಾಯಬೇಕು. ಇದು ಅನ್ಯಾಯ ಅಂತ ನನಗೂ ಒಂದು ಕಾಲದಲ್ಲಿ ಅನ್ನಿಸಿತ್ತು. ಆದರೆ ಒಂದರಲ್ಲಿ ಕಾಣದ ಬಗ್ ಇನ್ನೊಂದರಲ್ಲಿ ಬಯಲಾಗುವುದನ್ನು ಎಷ್ಟೋ ಸಲ ನೋಡಿದ ಮೇಲೆ ಆ ಮಾತು ಬಿಟ್ಟೆ.

ಇಲ್ಲವೇ ಟ್ರಾನ್ಸಿಶನ್ ನಡೆಯುತ್ತಿರುತ್ತದೆ. ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕೋಡ್, ಅಂದರೆ ಒಂದು ಲೈಬ್ರರಿ ಬದಲಾದರೆ ಅದನ್ನು ನೆಚ್ಚಿಕೊಂಡ ಎಲ್ಲ ಪ್ಯಾಕೇಜ್‌ಗಳನ್ನೂ ಮತ್ತೆ ಬಿಲ್ಡ್ ಮಾಡಿ, ಎಲ್ಲವನ್ನೂ ಒಟ್ಟಿಗೇ ಟೆಸ್ಟಿಂಗ್‌ಗೆ ದಾಟಿಸಬೇಕು. ಮದುವೆಗೆ ಹೊರಟ ಬಸ್ಸಿನ ಹಾಗೆ, ಒಬ್ಬರು ಹತ್ತದಿದ್ದರೂ ಬಸ್ಸು ನಿಂತಿರುತ್ತದೆ. 2024ರ ಮೊದಲ ತಿಂಗಳುಗಳಲ್ಲಿ ಹೀಗೆ ಒಂದು ದೊಡ್ಡ ಕೆಲಸ ನಡೆಯಿತು. 32 ಬಿಟ್ ಯಂತ್ರಗಳು 1970ರಿಂದ ಸೆಕೆಂಡ್ ಎಣಿಸುತ್ತಾ ಬಂದಿವೆ, 2038ರ ಜನವರಿ 19ಕ್ಕೆ ಆ ಎಣಿಕೆಯ ಜಾಗ ತುಂಬಿಹೋಗುತ್ತದೆ. ಅದಕ್ಕೆ ಈಗಲೇ 64 ಬಿಟ್ ಎಣಿಕೆಗೆ ಬದಲಾಯಿಸಬೇಕಿತ್ತು. ನೂರಾರು ಲೈಬ್ರರಿಗಳ ಹೆಸರಿನ ಕೊನೆಗೆ "ಟಿ64" ಅಂತ ಸೇರಿದ್ದು ಅದಕ್ಕೇ. ಆಗ ಟೆಸ್ಟಿಂಗ್ ವಾರಗಟ್ಟಲೆ ಸ್ತಬ್ಧವಾದ ಹಾಗಿತ್ತು. ಸಾಲದ್ದಕ್ಕೆ ಅದರ ನಡುವೆಯೇ ಎಕ್ಸ್‌ಝಡ್ ಪ್ರಕರಣವೂ ಬಂತು.

ಮೂರನೆಯದು ನ್ಯೂ ಕ್ಯೂ, ಅಂದರೆ ಹೊಸ ಪ್ಯಾಕೇಜ್‌ಗಳು ಪರಿಶೀಲನೆಗೆ ಕಾಯುವ ಸಾಲು. ಡೆಬಿಯನ್‌ಗೆ ಮೊದಲ ಸಲ ಬರುವ ಪ್ರತಿ ಪ್ಯಾಕೇಜನ್ನೂ ಒಂದು ಸಣ್ಣ ತಂಡ ಕೂತು ನೋಡುತ್ತದೆ. ಒಳಗಿನ ಪ್ರತಿ ಫೈಲಿನ ಲೈಸೆನ್ಸ್ ಸರಿಯಾಗಿದೆಯಾ ಅಂತ. ಪೂರಾ ಹೊಸ ತಂತ್ರಾಂಶಕ್ಕೆ ಮಾತ್ರವಲ್ಲ, ಇರುವ ಲೈಬ್ರರಿಯ ಹೆಸರು ಬದಲಾದರೂ ಈ ಸಾಲಿನಲ್ಲಿ ನಿಲ್ಲಬೇಕು. ಕೆಲವು ಎರಡು ದಿನದಲ್ಲಿ ದಾಟುತ್ತವೆ, ಕೆಲವು ತಿಂಗಳುಗಟ್ಟಲೆ ಕೂತಿರುತ್ತವೆ.

ರಸ್ಟ್, ಗೋ, ನೋಡ್‌ನಲ್ಲಿ ಬರೆದ ತಂತ್ರಾಂಶಗಳಿಗೆ ಈ ಸಾಲು ದೊಡ್ಡ ತಲೆನೋವು. ಡೆಬಿಯನ್‌ನಲ್ಲಿ ಬಿಲ್ಡ್ ಆಗುವಾಗ ಇಂಟರ್‌ನೆಟ್‌ನಿಂದ ಏನನ್ನೂ ಎಳೆದುಕೊಳ್ಳುವಂತಿಲ್ಲ. ಹಾಗಾಗಿ ಒಂದು ತಂತ್ರಾಂಶ ನೆಚ್ಚಿಕೊಂಡ ಚಿಕ್ಕ ಚಿಕ್ಕ ಲೈಬ್ರರಿಗಳೆಲ್ಲವೂ ಮೊದಲು ಬೇರೆ ಬೇರೆ ಪ್ಯಾಕೇಜ್ ಆಗಿ ಒಳಗೆ ಬರಬೇಕು. ಮೇಲ್ನೋಟಕ್ಕೆ ಒಂದು ಅಪ್‌ಡೇಟ್, ಒಳಗೆ ನೋಡಿದರೆ ಮೂವತ್ತು.

ಕೆಲವು ಸಲ ಕಾರಣವೇ ಇರುವುದಿಲ್ಲ, ಯಾರೂ ನೋಡುತ್ತಿಲ್ಲ ಅನ್ನಿಸುತ್ತದೆ.

ಹೌದು, ಅದೂ ನಿಜ. ಎಲ್ಲ ತಡಕ್ಕೂ ಒಳ್ಳೆಯ ಕಾರಣ ಇದೆ ಅಂತ ನಾನು ಹೇಳುವುದಿಲ್ಲ. ಮೇಂಟೇನರ್‌ಗೆ ಮಗು ಹುಟ್ಟಿರುತ್ತದೆ, ಕೆಲಸ ಬದಲಾಗಿರುತ್ತದೆ, ಆಸಕ್ತಿ ಹೋಗಿರುತ್ತದೆ. ಬಿಟ್ಟುಹೋದ ಪ್ಯಾಕೇಜನ್ನು ಡೆಬಿಯನ್‌ನಲ್ಲಿ ಅನಾಥ ಅಂತಲೇ ಕರೆಯುತ್ತಾರೆ, ಅಂಥವುಗಳ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಇದೆ. ಯಾರು ಬೇಕಾದರೂ ಅದನ್ನು ಎತ್ತಿಕೊಳ್ಳಬಹುದು. ಹೇಳದೆ ಕೇಳದೆ ಮೌನವಾದವರ ಪ್ಯಾಕೇಜನ್ನು ಬೇರೆಯವರು ವಹಿಸಿಕೊಳ್ಳುವುದಕ್ಕೂ ನಿಯಮ ಇದೆ. ನಡುವೆ ತುರ್ತು ತಿದ್ದುಪಡಿ ಬೇಕಾದರೆ ಮೇಂಟೇನರ್ ಅಲ್ಲದ ಇನ್ನೊಬ್ಬ ಡೆವಲಪರ್ ಅಪ್‌ಲೋಡ್ ಮಾಡುವುದಕ್ಕೂ ದಾರಿ ಇದೆ.

ನನಗೆ ಹೊಸದು ಬೇಕೇ ಬೇಕು. ಏನು ಮಾಡಲಿ?

ಮೊದಲು ಬ್ಯಾಕ್‌ಪೋರ್ಟ್ಸ್ ನೋಡಿ. ಟೆಸ್ಟಿಂಗ್‌ಗೆ ಬಂದ ಹೊಸ ಆವೃತ್ತಿಯನ್ನು ಸ್ಟೇಬಲ್‌ನಲ್ಲಿ ಓಡುವ ಹಾಗೆ ಮತ್ತೆ ಬಿಲ್ಡ್ ಮಾಡಿ ಅಲ್ಲಿ ಇಟ್ಟಿರುತ್ತಾರೆ. ಇದು ಡೆಬಿಯನ್‌ನದೇ ಅಧಿಕೃತ ಪ್ಯಾಕೇಜ್ ಭಂಡಾರ. ಅದನ್ನು ಸೇರಿಸಿದ ಮಾತ್ರಕ್ಕೆ ಎಲ್ಲವೂ ಬದಲಾಗುವುದಿಲ್ಲ. ನೀವು ಹೆಸರು ಹೇಳಿ ಕೇಳಿದ ಪ್ಯಾಕೇಜ್ ಮತ್ತು ಅದಕ್ಕೆ ಬೇಕಾದದ್ದು ಮಾತ್ರ ಅಲ್ಲಿಂದ ಬರುತ್ತದೆ. ಹೊಸ ಲ್ಯಾಪ್‌ಟಾಪ್‌ನ ವೈಫೈ ಹಿಡಿಯುತ್ತಿಲ್ಲ ಅನ್ನುವವರಿಗೆ ಹೊಸ ಕರ್ನಲ್ (ಯಂತ್ರಾಂಶವನ್ನು ನಡೆಸುವ ಸಿಸ್ಟಮ್‌ನ ತಿರುಳು) ಸಿಗುವುದು ಇಲ್ಲೇ.

ಯೂಟ್ಯೂಬ್ ವೀಡಿಯೋ ಇಳಿಸುವ ವೈಟಿ-ಡಿಎಲ್‌ಪಿ ತರಹದ್ದಕ್ಕೆ ಸ್ಟೇಬಲ್ ಹೊಂದುವುದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಕಡೆ ಸೈಟ್ ಬದಲಾದರೆ ಈ ಕಡೆ ಇದು ಕೆಲಸ ನಿಲ್ಲಿಸುತ್ತದೆ. ಅದನ್ನು ಬ್ಯಾಕ್‌ಪೋರ್ಟ್ಸ್‌ನಿಂದಲೇ ತೆಗೆದುಕೊಳ್ಳಿ.

ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಫ್ಲಾಟ್‌ಪ್ಯಾಕ್ ಇದೆ, ಆ್ಯಪ್‌ಗೆ ಬೇಕಾದದ್ದನ್ನು ಜೊತೆಗೇ ತರುವ ಬೇರೆ ದಾರಿ. ಡಿಸ್ಕ್‌ನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ, ಆದರೆ ಸಿಸ್ಟಮ್‌ನ ತಂಟೆಗೆ ಹೋಗುವುದಿಲ್ಲ. ಪೈಥಾನ್ ಲೈಬ್ರರಿ ಬೇಕಾದವರು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಡೆಬಿಯನ್ 12ರಿಂದ ಪೈಥಾನ್ ಲೈಬ್ರರಿ ಹಾಕುವ ಪಿಪ್ ನೇರವಾಗಿ ಸಿಸ್ಟಮ್‌ಗೆ ಹಾಕಲು ಬಿಡುವುದಿಲ್ಲ. ಆ ತಡೆಯನ್ನು ಒತ್ತಾಯದಿಂದ ಮುರಿಯುವ ಆಯ್ಕೆ ಇದೆ, ದಯವಿಟ್ಟು ಬಳಸಬೇಡಿ.

ಒಂದೇ ಒಂದು ಪ್ಯಾಕೇಜಿಗಾಗಿ ಸಿಡ್‌ನ ಸಾಲು ಸೇರಿಸಿಕೊಂಡರೆ ಏನಾಗುತ್ತದೆ?

ನಾನು ಮಾಡಿದ್ದೇನೆ, ಅದಕ್ಕೇ ಹೇಳುತ್ತೇನೆ ಕೇಳಿ. ತಂಗಿಯ ಮದುವೆಯ ಕರೆಯೋಲೆಯನ್ನು ನಾನೇ ವಿನ್ಯಾಸ ಮಾಡುತ್ತಿದ್ದೆ. ಚಿತ್ರ ಬಿಡಿಸುವ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಒಂದು ಸೌಲಭ್ಯ ಇತ್ತು, ಅದು ಬೇಕು ಅನ್ನಿಸಿತು. ಪ್ಯಾಕೇಜ್ ಎಲ್ಲಿಂದ ತರಬೇಕು ಅಂತ ಹೇಳುವ, ಸ್ಟೇಬಲ್‌ನ ಸೋರ್ಸಸ್ ಫೈಲ್‌ನಲ್ಲಿ ಸಿಡ್‌ನ ಒಂದು ಸಾಲು ಸೇರಿಸಿ ಇನ್‌ಸ್ಟಾಲ್ ಕೊಟ್ಟೆ. ಆ ಹೊಸ ಪ್ಯಾಕೇಜಿಗೆ ಹೊಸ ಸಿ ಲೈಬ್ರರಿ ಬೇಕಿತ್ತು. ಅದು ಬಂದರೆ ಹಳೆಯ ಇನ್ನೆಷ್ಟೋ ಹೋಗಬೇಕಿತ್ತು. "ಈ ಕೆಳಗಿನ ಪ್ಯಾಕೇಜ್‌ಗಳನ್ನು ತೆಗೆಯಲಾಗುತ್ತದೆ" ಅಂತ ಆಪ್ಟ್ ಸ್ಪಷ್ಟವಾಗಿ ಹೇಳಿತ್ತು, ಕೆಳಗೆ ಐದಾರು ಸಾಲು ಹೆಸರುಗಳಿದ್ದವು. ರಾತ್ರಿ ಹನ್ನೊಂದೂವರೆ, ನಾನು ಓದಲಿಲ್ಲ. ವೈ ಒತ್ತಿ ಎಂಟರ್ ಕೊಟ್ಟೆ.

ಮತ್ತೆ ಶುರು ಮಾಡಿದಾಗ ಡೆಸ್ಕ್‌ಟಾಪ್ ಇಲ್ಲ. ಕಪ್ಪು ಪರದೆ, ಮೇಲೆ ಲಾಗಿನ್ ಅನ್ನುವ ಒಂದು ಸಾಲು. ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿಗೆ ಫೈಲ್ ಕೊಡಬೇಕಿತ್ತು. ಪೆನ್‌ಡ್ರೈವ್‌ನಿಂದ ಲೈವ್ ಡೆಬಿಯನ್ ಹಾಕಿ ಫೈಲ್‌ಗಳನ್ನು ಹೊರಗೆ ತೆಗೆದೆ, ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ಹೊತ್ತಿಗೆ ಬೆಳಗಾಗಿತ್ತು. ಅಂದಿನಿಂದ ತೆಗೆಯುವ ಪಟ್ಟಿಯನ್ನು ಪೂರ್ತಿ ಓದದೆ ವೈ ಒತ್ತಿಲ್ಲ. ನೀವೂ ಓದಿ. ಆ ಪಟ್ಟಿಯಲ್ಲಿ ಗುರುತಿನ ಒಂದು ಹೆಸರು ಕಂಡರೂ ಎನ್ ಒತ್ತಿ.

ಸೋರ್ಸಸ್ ಫೈಲ್‌ನಲ್ಲಿ "ಸ್ಟೇಬಲ್" ಅಂತ ಬರೆಯಬೇಕಾ, "ಟ್ರಿಕ್ಸಿ" ಅಂತ ಬರೆಯಬೇಕಾ?

ಬಿಡುಗಡೆಯ ಹೆಸರೇ ಬರೆಯಿರಿ. ಬುಕ್‌ವರ್ಮ್ ಅಂದರೆ ಡೆಬಿಯನ್ 12, ಟ್ರಿಕ್ಸಿ ಅಂದರೆ 13. "ಸ್ಟೇಬಲ್" ಅಂತ ಬರೆದಿದ್ದರೆ ಬಿಡುಗಡೆಯ ದಿನ ಅದರ ಅರ್ಥವೇ ಬದಲಾಗುತ್ತದೆ. 2025ರ ಆಗಸ್ಟ್ 9ರವರೆಗೆ ಅದು ಬುಕ್‌ವರ್ಮ್, ಅವತ್ತಿನಿಂದ ಟ್ರಿಕ್ಸಿ. ಸುಮ್ನೆ ಅಪ್‌ಡೇಟ್ ಮಾಡಲು ಹೋದವರು ಗೊತ್ತಿಲ್ಲದೆ ಇಡೀ ಸಿಸ್ಟಮ್ ಬದಲಾಯಿಸಲು ಹೊರಟಿರುತ್ತಾರೆ.

ಅಪ್‌ಡೇಟೇ ಆಗುತ್ತಿಲ್ಲ. "ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ" ಅನ್ನುತ್ತದೆ. ಡೆಬಿಯನ್ ಸರ್ವರ್ ಕೆಟ್ಟಿದೆಯಾ?

ಗಡಿಯಾರ ನೋಡಿ. ಹಳೆಯ ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿರುವ ಬಟನ್ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಪ್ಟ್ ಲೆಕ್ಕದಲ್ಲಿ ಆ ಫೈಲ್ ಇನ್ನೂ ಹುಟ್ಟೇ ಇಲ್ಲ. ಶಾಲೆಯೊಂದರ ಲ್ಯಾಬ್‌ನಲ್ಲಿ ಹತ್ತು ಯಂತ್ರಗಳಲ್ಲಿ ನಾಲ್ಕಕ್ಕೆ ಇದೇ ಕಾಯಿಲೆ ಇತ್ತು. ಬ್ಯಾಟರಿ ಹಾಕಿ ತಾರೀಕು ಸರಿಮಾಡಿದ ಮೇಲೆ ಎಲ್ಲವೂ ತಾನಾಗಿ ಅಪ್‌ಡೇಟ್ ಆದವು.

"ಹ್ಯಾಶ್ ಹೊಂದುತ್ತಿಲ್ಲ" ಅಂದರೆ ನೀವು ಕೇಳಿದ ಹೊತ್ತಿನಲ್ಲಿ ಮಿರರ್ (ಭಂಡಾರದ ನಕಲು ಇಟ್ಟಿರುವ ಸರ್ವರ್) ಅರ್ಧ ಹಳೆಯದು ಅರ್ಧ ಹೊಸದು ಇತ್ತು ಅಂತ. ಡೆಬಿಯನ್‌ನ ಮುಖ್ಯ ಭಂಡಾರ ದಿನಕ್ಕೆ ನಾಲ್ಕು ಸಲ ಹೊಸದಾಗುತ್ತದೆ. ಒಂದೆರಡು ಗಂಟೆ ಬಿಟ್ಟು ಮತ್ತೆ ಮಾಡಿ.

ಉಬುಂಟುವಿನಲ್ಲಿ ಅಪ್‌ಡೇಟ್ ಇದೆ ಅಂತ ತೋರಿಸಿ, ತಡೆಹಿಡಿದಿದೆ ಅನ್ನುತ್ತದೆ. ಯಾಕೆ?

ಅದು ಹಂತ ಹಂತದ ಹಂಚಿಕೆ. ಮೊದಲು ಕೆಲವೇ ಪಾಲು ಯಂತ್ರಗಳಿಗೆ ಕೊಟ್ಟು, ತೊಂದರೆ ಇಲ್ಲ ಅಂತ ಖಚಿತವಾದ ಮೇಲೆ ಉಳಿದವರಿಗೆ ಕೊಡುತ್ತಾರೆ. ನಿಮ್ಮ ಸರದಿ ಬಂದಾಗ ತಾನೇ ಬರುತ್ತದೆ. ಒತ್ತಾಯ ಮಾಡಬೇಡಿ.

ಅಪ್‌ಡೇಟ್ ಮಾಡಿದೆ, ಆದರೂ ಹಳೆಯದೇ ಓಡುತ್ತಿದೆ.

ಡಿಸ್ಕ್‌ನಲ್ಲಿ ಹೊಸದು ಕೂತಿದೆ, ಮೆಮೊರಿಯಲ್ಲಿ ಹಳೆಯದೇ ನಡೆಯುತ್ತಿದೆ. ಕರ್ನಲ್ ಆದರೆ ರೀಬೂಟ್ ಮಾಡಲೇಬೇಕು. ಲೈಬ್ರರಿ ಆದರೆ ಅದನ್ನು ಬಳಸುವ ಸೇವೆಗಳನ್ನು ಮರುಚಾಲನೆ ಮಾಡಬೇಕು. ಯಾವುದನ್ನು ಅಂತ ನೀಡ್‌ರೀಸ್ಟಾರ್ಟ್ ಅನ್ನುವ ಪ್ಯಾಕೇಜ್ ಪಟ್ಟಿ ಕೊಡುತ್ತದೆ. ವರ್ಷಗಟ್ಟಲೆ ರೀಬೂಟ್ ಮಾಡಿಲ್ಲ ಅಂತ ಹೆಮ್ಮೆಯಿಂದ ಹೇಳುವವರ ಸರ್ವರ್‌ನಲ್ಲಿ ವರ್ಷದ ಹಿಂದಿನ ತೂತುಗಳೂ ಹಾಗೇ ಇರುತ್ತವೆ.

ಕನ್ನಡದ ವಿಷಯದಲ್ಲಿ ಈ ತಡ ಎಲ್ಲಿ ತಟ್ಟುತ್ತದೆ?

ಫಾಂಟ್‌ಗಳಲ್ಲಿ. ಹಳಗನ್ನಡದ ಗ್ರಂಥಗಳನ್ನು ಟೈಪ್ ಮಾಡುವವರಿಗೆ ಬೇಕಾದ "ನಕಾರ ಪೊಲ್ಲು" ಅಕ್ಷರ ಯೂನಿಕೋಡ್‌ಗೆ ಸೇರಿದ್ದು 2021ರಲ್ಲಿ, 14.0ನೇ ಆವೃತ್ತಿಯಲ್ಲಿ. ಡೆಬಿಯನ್ 12ರಲ್ಲಿರುವ ನೋಟೋ ಫಾಂಟ್ ಪ್ಯಾಕೇಜಿನ ಆವೃತ್ತಿ ನೋಡಿ: 20201225. ಅಂದರೆ 2020ರ ಡಿಸೆಂಬರ್ 25. ಆ ಅಕ್ಷರ ಸೇರುವುದಕ್ಕಿಂತ ಮುಂಚಿನ ಫಾಂಟ್ ಅದನ್ನು ತೋರಿಸಲಿ ಅಂತ ಹೇಗೆ ಬಯಸುವುದು? ಪರದೆಯ ಮೇಲೆ ಖಾಲಿ ಚೌಕ ಬರುತ್ತದೆ. ಇದು ಸೆಕ್ಯುರಿಟಿ ಸಂಗತಿ ಅಲ್ಲ, ಹಾಗಾಗಿ ಸ್ಟೇಬಲ್‌ನಲ್ಲಿ ತೇಪೆಯೂ ಬರುವುದಿಲ್ಲ. ಹೊಸ ಫಾಂಟ್ ಇಳಿಸಿಕೊಂಡು ನಿಮ್ಮ ಹೋಮ್ ಫೋಲ್ಡರ್‌ನ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹಾಕಿಕೊಳ್ಳಿ, ಸಿಸ್ಟಮ್ ಮುಟ್ಟುವುದೇ ಬೇಡ.

ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲೇ ಇವೆ. ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಇವೆಲ್ಲ ಯಾರೋ ಕೂತು ಮಾಡಿದ್ದರಿಂದ ಇವೆ.

ನಾವು ಮಾತ್ರ ಮಾಡಬಹುದಾದ ಒಂದು ಕೆಲಸ ಇಲ್ಲಿದೆ. "ಸೂರ್ಯ" ಅಂತ ಬರೆದಾಗ ಅರ್ಕಾವತ್ತು ಬರಬೇಕು. "ರ‍್ಯಾಂಕ್" ಅಂತ ಬರೆದಾಗ ರಕಾರ ಪೂರ್ತಿಯಾಗಿ ನಿಂತು ಕೆಳಗೆ ಯಕಾರದ ಒತ್ತು ಬರಬೇಕು. ಅಕ್ಷರ ಜೋಡಿಸುವ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಇವೆರಡರಲ್ಲಿ ಒಂದು ಕೆಟ್ಟರೆ, ಜರ್ಮನಿಯಲ್ಲೋ ಜಪಾನ್‌ನಲ್ಲೋ ಕೂತ ಮೇಂಟೇನರ್‌ಗೆ ಅದು ಕಾಣುವುದಿಲ್ಲ. ಅವರ ಕಣ್ಣಿಗೆ ಎರಡೂ ಚೆಂದದ ಅಕ್ಷರಗಳೇ. ಸಿಡ್‌ನಲ್ಲಿ ಆ 5 ದಿನ ಕಾಯುವುದು ಯಾರಾದರೂ ನೋಡಲಿ ಅಂತ. ಕನ್ನಡ ಓದುವವರು ಯಾರೂ ನೋಡದಿದ್ದರೆ ಕನ್ನಡದ ಮಟ್ಟಿಗೆ ಆ 5 ದಿನ ಖಾಲಿ ಹೋದ ಹಾಗೆ. ವರ್ಚುವಲ್ ಮಷೀನ್‌ನಲ್ಲಿ ಸಿಡ್ ಹಾಕಿಕೊಂಡು, ಒತ್ತಕ್ಷರ ತುಂಬಿದ ಒಂದು ಪುಟವನ್ನು ವಾರಕ್ಕೊಮ್ಮೆ ತೆರೆದು ನೋಡುವುದು ಹತ್ತು ನಿಮಿಷದ ಕೆಲಸ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಕನ್ನಡ ಓದಲು ಬಂದರೆ ಸಾಕು.

ಹೊಸ ಆವೃತ್ತಿ ಬೇಕು ಅಂತ ಕೇಳುವುದು ಹೇಗೆ? ಕೇಳಿದರೆ ಬೈಯುತ್ತಾರಾ?

ಬೈಯುವುದಿಲ್ಲ. ಆದರೆ ಮೊದಲು ಟ್ರ್ಯಾಕರ್ ಪುಟ ಮತ್ತು ಬಗ್ ಪಟ್ಟಿ ನೋಡಿ, ಬೇರೆಯವರು ಕೇಳಿರಬಹುದು. ಕೇಳಿಲ್ಲದಿದ್ದರೆ ರಿಪೋರ್ಟ್‌ಬಗ್ ಅನ್ನುವ ಪ್ರೋಗ್ರಾಮ್‌ನಿಂದ, "ವಿಶ್‌ಲಿಸ್ಟ್" ಮಟ್ಟದ ವರದಿ ಹಾಕಿ. ಹೊಸ ಆವೃತ್ತಿ ಬಂದಿದೆ ಅಂತ ಹೇಳುವುದು ಬೇಕಾಗಿಲ್ಲ, ಅದು ಅವರಿಗೆ ತಾನಾಗಿ ಗೊತ್ತಾಗುತ್ತದೆ. ನಿಮಗೆ ಅದು ಯಾಕೆ ಬೇಕು ಅಂತ ಹೇಳಿ. ಯಾವ ಫೈಲ್ ತೆರೆಯುತ್ತಿಲ್ಲ, ಯಾವ ಕೆಲಸ ನಿಂತಿದೆ, ಎರಡು ಸಾಲಿನಲ್ಲಿ. ನೀವೇ ಬಿಲ್ಡ್ ಮಾಡಿ ನೋಡಿದ್ದರೆ ಅದನ್ನೂ ಬರೆಯಿರಿ. ಸಾಲ್ಸಾ ಅನ್ನುವ ಡೆಬಿಯನ್‌ನ ಗಿಟ್ ತಾಣದಲ್ಲಿ ತಿದ್ದುಪಡಿ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ಅಪ್‌ಲೋಡ್ ಮಾಡುವ ಅಧಿಕಾರ ಇಲ್ಲದವರ ಕೆಲಸವನ್ನು ನೋಡಿ ಒಪ್ಪಿ ಅಪ್‌ಲೋಡ್ ಮಾಡಿಕೊಡುವ ಹಿರಿಯರೂ ಇದ್ದಾರೆ.

2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ಜಾಗತಿಕ ಸಮ್ಮೇಳನ ಡೆಬ್‌ಕಾನ್ ಮೊದಲ ಬಾರಿಗೆ ಭಾರತಕ್ಕೆ, ಕೊಚ್ಚಿಗೆ ಬಂದಿತ್ತು. ನಮ್ಮ ಪಕ್ಕದ ರಾಜ್ಯದಲ್ಲಿ ಪ್ಯಾಕೇಜ್ ನೋಡಿಕೊಳ್ಳುವ ಗಟ್ಟಿ ಬಳಗವೇ ಇದೆ. ಹೊಸಬರಿಗೆ ಹೇಳಿಕೊಡುತ್ತಾರೆ, ಕೇಳಬೇಕಷ್ಟೆ.

ವರದಿ ಹಾಕಿ ಎರಡು ತಿಂಗಳಾಯಿತು, ಉತ್ತರವೇ ಇಲ್ಲ.

ಅದೇ ವರದಿಗೆ ಇನ್ನೊಮ್ಮೆ ಬರೆಯಿರಿ. "ಏನಾಯಿತು?" ಅಂತ ಕೇಳಬೇಡಿ, ಹೊಸದಾಗಿ ಏನಾದರೂ ಕೊಡಿ. ಇತ್ತೀಚಿನ ಆವೃತ್ತಿಯಲ್ಲೂ ನೋಡಿದೆ, ಹೀಗಾಯಿತು, ಇದು ಚಿತ್ರ, ಅಂತ. ನಾನು ಒಂದು ಫಾಂಟ್ ಬಗ್ ವರದಿಗೆ ಮೂರನೇ ಸಲ ಬರೆದಾಗ, ಸರಿಯಾದ ಅಕ್ಷರವನ್ನು ಕಾಗದದ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಫೋಟೋ ತೆಗೆದು ಸೇರಿಸಿದ್ದೆ. ಹೇಗಿರಬೇಕು ಅಂತ ಈಗ ಅರ್ಥವಾಯಿತು, ಥ್ಯಾಂಕ್ಸ್ ಅಂತ ಮಾರನೆಯ ದಿನ ಉತ್ತರ ಬಂತು. ಆ ವಾರವೇ ಸರಿಪಡಿಸಿದ ಪ್ಯಾಕೇಜ್ ಸಿಡ್‌ಗೆ ಬಂತು.